ಚೀನೀ ಭಾಷೆ ಕಲಿಯಲು ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗೆ: ಸಿದ್ಧತೆಯಿಂದ ಹಿಂದಿರುಗುವವರೆಗೆ

ನಮ್ಮಲ್ಲಿ ‘ಓದಲು ಚೀನಾಕ್ಕೆ ಹೋಗುತ್ತಾನೆ’ ಎಂದರೆ ಕೇಳಿದವರು ಎಂಬಿಬಿಎಸ್ ಓದಲು ಎಂದೇ ತಿಳಿಯುತ್ತಾರೆ. ಭಾಷೆಯನ್ನೇ ಕಲಿಯುವುದಕ್ಕಾಗಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಹೋಗಿಬರುವ ದಾರಿ ಅದಕ್ಕಿಂತ ತೀರ ಬೇರೆ. ಅದರ ಅರ್ಜಿ, ವೀಸಾ, ಖರ್ಚು, ದಿನಚರಿ ಯಾವುದೂ ವೈದ್ಯಕೀಯ ವಿದ್ಯಾರ್ಥಿಗಳ ಅನುಭವಕ್ಕೆ ಹೊಂದುವುದಿಲ್ಲ. ಪದವಿ ತರಗತಿಯಲ್ಲಿ ಚೀನೀ ಭಾಷೆಯನ್ನು ಆರಿಸಿಕೊಂಡವರು, ಡಿಪ್ಲೊಮಾ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು ಮತ್ತು ದೇವನಹಳ್ಳಿಯ ಫಾಕ್ಸ್‌ಕಾನ್‌ನಂತಹ ಕಾರ್ಖಾನೆಗಳು ಬಂದ ಮೇಲೆ ದುಭಾಷಿಗಳ ಕೆಲಸದತ್ತ ಕಣ್ಣಿಟ್ಟಿರುವವರಿಗಾಗಿ ಈ ಬರಹ.

ಮೊದಲಿಗೇ ಹೇಳಬೇಕಾದ ಮಾತೊಂದಿದೆ. ಆ ದೇಶದಲ್ಲಿ ಇದ್ದ ಮಾತ್ರಕ್ಕೆ ಆ ಭಾಷೆ ಬರುವುದಿಲ್ಲ. ಒಂದು ವರ್ಷ ಬೀಜಿಂಗಿನಲ್ಲಿದ್ದು, ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲೇ ಕಾಲ ಕಳೆದು, ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಮಾತ್ರ ಕಲಿತು ಮರಳುವವರಿದ್ದಾರೆ. ಅಷ್ಟೇ ಅವಧಿಯಲ್ಲಿ ಪತ್ರಿಕೆ ಓದಿ ಚರ್ಚಿಸುವ ಮಟ್ಟಕ್ಕೆ ಏರುವವರೂ ಇದ್ದಾರೆ. ಈ ವ್ಯತ್ಯಾಸ ಬುದ್ಧಿಶಕ್ತಿಯಿಂದ ಬಂದುದಲ್ಲ. ಹೊರಡುವ ಮುನ್ನ ಎಷ್ಟು ಕಲಿತಿದ್ದರು, ಅಲ್ಲಿ ತರಗತಿ ಮುಗಿದ ಮೇಲಿನ ಮಧ್ಯಾಹ್ನಗಳನ್ನು ಹೇಗೆ ಕಳೆದರು ಮತ್ತು ಯಾವ ಭಾಷೆಯ ಆಸರೆಯಿಂದ ಚೀನೀಯನ್ನು ಅರ್ಥಮಾಡಿಕೊಂಡರು ಎಂಬುದರಿಂದ ಬಂದದ್ದು.

ಹೊರಡುವ ಮುನ್ನ ಎಷ್ಟು ಕಲಿತಿರಬೇಕು

ಏನೂ ಕಲಿಯದೆ ಹೋಗಬಹುದು, ಅಲ್ಲಿ ಆರಂಭಿಕ ತರಗತಿಗಳೂ ಇವೆ. ಆದರೆ ಮೊದಲ ಸೆಮಿಸ್ಟರ್ ಪೂರ್ತಿ ‘ಇದೇನು, ಅದೇನು’ ಎನ್ನುವುದರಲ್ಲಿ ಕಳೆದುಹೋಗುತ್ತದೆ, ಮತ್ತು ಅದನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಎಷ್ಟೋ ಕಡಿಮೆ ಖರ್ಚಿನಲ್ಲಿ ಕಲಿಯಬಹುದಿತ್ತು. ನನ್ನ ದೃಷ್ಟಿಯಲ್ಲಿ, ಚೀನೀ ಭಾಷೆಯ ಮಟ್ಟವನ್ನು ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಹಳೆಯ ಆರು ಹಂತದ ಕ್ರಮದಲ್ಲಿ ಮೂರನೆಯ ಹಂತ, ಅಂದರೆ ಸುಮಾರು 600 ಪದಗಳು, ಕೈವಶವಾದ ಮೇಲೆ ಹೊರಡುವುದು ಒಳ್ಳೆಯದು. ನಾಲ್ಕನೆಯ ಹಂತಕ್ಕೆ 1,200 ಪದಗಳು ಬೇಕು. ಒಂದು ವರ್ಷದ ವಾಸ ಆ ಹಂತದಿಂದ ಮೇಲಕ್ಕೆ ಕರೆದೊಯ್ಯುವಂತಿದ್ದರೆ ಹಣಕ್ಕೂ ವಯಸ್ಸಿಗೂ ತಕ್ಕ ಫಲ ಸಿಕ್ಕಂತೆ. 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಬಂದಿರುವುದರಿಂದ, ನೀವು ಅರ್ಜಿ ಹಾಕುವ ವಿಶ್ವವಿದ್ಯಾಲಯ ಯಾವ ಕ್ರಮದ ಅಂಕಪಟ್ಟಿಯನ್ನು ಕೇಳುತ್ತಿದೆ ಎಂಬುದನ್ನು ಓದಿಕೊಂಡೇ ಪರೀಕ್ಷೆಗೆ ಹೆಸರು ಕೊಡಬೇಕು. ಪ್ರವೇಶಕ್ಕಾಗಿ ಆ ಅಂಕಪಟ್ಟಿಯನ್ನು ಪರೀಕ್ಷೆಯ ದಿನದಿಂದ ಎರಡು ವರ್ಷದವರೆಗೆ ಮಾತ್ರ ಮಾನ್ಯ ಮಾಡುತ್ತಾರೆ.

ಪದಗಳಿಗಿಂತ ಮುಖ್ಯವಾದದ್ದು ಉಚ್ಚಾರ. ತಪ್ಪು ಉಚ್ಚಾರವನ್ನು ಹೊತ್ತು ಅಲ್ಲಿಗೆ ಹೋದರೆ, ವಿದೇಶಿಗರ ಮಾತಿಗೆ ಒಗ್ಗಿಹೋದ ಅಧ್ಯಾಪಕರು ಹೇಗೋ ಅರ್ಥಮಾಡಿಕೊಂಡುಬಿಡುತ್ತಾರೆ, ಬೀದಿಯಲ್ಲಿರುವವರಿಗೆ ಅರ್ಥವಾಗುವುದಿಲ್ಲ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ದೊಡ್ಡ ಅನುಕೂಲವಿದೆ. ಅದನ್ನು ನಮ್ಮವರು ಬಳಸಿಕೊಳ್ಳದೆ ಹೋಗುತ್ತಾರೆ ಎಂಬುದೇ ನನ್ನ ದುಃಖ. ಚೀನೀ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಜಾರಿಗೆ ಬಂತು. ಅದರಲ್ಲಿ ‘ಬಿ’ ಎಂಬ ಅಕ್ಷರವನ್ನು ಕಂಡಾಗ ನಾವು ಇಂಗ್ಲಿಷಿನ ಅಭ್ಯಾಸದಿಂದ ‘ಬ’ ಎಂದು ಓದುತ್ತೇವೆ. ಅದು ‘ಬ’ ಅಲ್ಲ, ನಮ್ಮ ಅಲ್ಪಪ್ರಾಣದ ‘ಪ’. ಪಿನ್‌ಯಿನ್‌ನ ‘ಪಿ’ ಅಕ್ಷರವೋ ಮಹಾಪ್ರಾಣದ ‘ಫ’, ಅದೂ ತುಟಿ ಕೂಡಿಸಿ ಉಸಿರು ಬಿಟ್ಟು ಹೇಳುವ ಹಳೆಯ ಬಗೆಯ ‘ಫ’, ‘ಫೋನ್’ ಎನ್ನುವಾಗಿನದಲ್ಲ. ಹಾಗೆಯೇ ‘ಜಿ’ ಮತ್ತು ‘ಕೆ’ ಅಕ್ಷರಗಳ ಜೋಡಿ ನಮ್ಮ ‘ಕ’ ಮತ್ತು ‘ಖ’. ‘ಡಿ’ ಮತ್ತು ‘ಟಿ’ ಅಕ್ಷರಗಳ ಜೋಡಿ ‘ತ’ ಮತ್ತು ‘ಥ’ಗಳಿಗೆ ಹತ್ತಿರ. ‘ಎಕ್ಸ್’ ಅಕ್ಷರ ‘ಶ’ ಆದರೆ, ‘ಎಸ್‌ಎಚ್’ ಎಂದು ಬರೆಯುವುದು ನಾಲಗೆ ಮೇಲಕ್ಕೆ ಮಡಚುವ ‘ಷ’. ಬೀಜಿಂಗಿನ ಹೆಸರನ್ನೇ ಅಲ್ಲಿಯವರ ಬಾಯಲ್ಲಿ ಕೇಳಿದರೆ ಅದು ‘ಪೇಯ್‌ಚಿಂಗ್’ ಎಂಬುದಕ್ಕೆ ಹತ್ತಿರವಿರುತ್ತದೆ.

ಇಂಗ್ಲಿಷ್ ಮಾತ್ರ ಬಲ್ಲವರು ತಿಂಗಳುಗಟ್ಟಲೆ ಒದ್ದಾಡುವ ಈ ಭೇದಗಳನ್ನು ನಾವು ಒಂದನೆಯ ತರಗತಿಯಲ್ಲಿ ವರ್ಣಮಾಲೆಯ ಜೊತೆಗೇ ಕಲಿತಿದ್ದೇವೆ. ಆದರೆ ಆಡುಮಾತಿನಲ್ಲಿ ‘ಕಥೆ’ಯನ್ನು ‘ಕತೆ’ ಎಂದೂ ‘ಭಾಷೆ’ಯನ್ನು ‘ಬಾಶೆ’ ಎಂದೂ ಹೇಳುವ ರೂಢಿ ನಮ್ಮಲ್ಲಿ ಹೆಚ್ಚಿರುವುದರಿಂದ, ಮಹಾಪ್ರಾಣವನ್ನು ಬಾಯಿಯಲ್ಲಿ ಮತ್ತೆ ಗಟ್ಟಿಮಾಡಿಕೊಳ್ಳಬೇಕು. ಅಂಗೈಯನ್ನು ತುಟಿಯ ಮುಂದೆ ಹಿಡಿದು, ‘ಪ’ ಎಂದಾಗ ಗಾಳಿ ತಾಗದಂತೆಯೂ ‘ಫ’ ಎಂದಾಗ ಸ್ಪಷ್ಟವಾಗಿ ತಾಗುವಂತೆಯೂ ದಿನಕ್ಕೆ ಹತ್ತು ನಿಮಿಷ ಹೇಳಿಕೊಂಡರೆ ಒಂದೆರಡು ವಾರದಲ್ಲಿ ಇದು ಸರಿಹೋಗುತ್ತದೆ.

ಟೋನ್ ಎಂದು ಕರೆಯುವ, ಪದದ ಅರ್ಥವನ್ನೇ ಬದಲಿಸುವ ಧ್ವನಿಯ ಏರಿಳಿತಕ್ಕೆ ಇಂಥ ಸುಲಭದ ದಾರಿಯಿಲ್ಲ. ನಾಲ್ಕು ಟೋನ್‌ಗಳನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡುವುದಕ್ಕಿಂತ ಎರಡೆರಡು ಉಚ್ಚಾರಗಳ ಜೋಡಿಗಳಾಗಿ ಅಭ್ಯಾಸ ಮಾಡುವುದು ಮೇಲು, ಏಕೆಂದರೆ ಮಾತಿನಲ್ಲಿ ಅವು ಜೋಡಿಯಾಗಿಯೇ ಬರುತ್ತವೆ ಮತ್ತು ಒಂದರ ಪಕ್ಕದಲ್ಲಿ ಇನ್ನೊಂದು ಬದಲಾಗುತ್ತದೆ. ‘ನಿ ಹಾವ್’ ಎಂಬ ನಮಸ್ಕಾರದಲ್ಲಿ ಎರಡೂ ಮೂರನೆಯ ಟೋನ್‌ನವು. ಆದರೆ ಕೂಡಿ ಬಂದಾಗ ಮೊದಲನೆಯದು ಎರಡನೆಯ ಟೋನ್ ಆಗುತ್ತದೆ. ಇನ್ನೊಂದು ಎಚ್ಚರಿಕೆ ಪ್ರಶ್ನೆಗಳ ವಿಷಯದ್ದು. ನಾವು ಪ್ರಶ್ನೆ ಕೇಳುವಾಗ ವಾಕ್ಯದ ಕೊನೆಯಲ್ಲಿ ದನಿ ಎತ್ತುತ್ತೇವೆ, ಹಾಗೆ ಎತ್ತಿದರೆ ಚೀನೀಯಲ್ಲಿ ಕೊನೆಯ ಪದದ ಟೋನ್ ಕೆಡುತ್ತದೆ. ಪ್ರಶ್ನೆಗೆಂದೇ ಅಲ್ಲಿ ವಾಕ್ಯದ ಕೊನೆಗೆ ‘ಮಾ’ ಎಂದು ಸೇರಿಸುತ್ತಾರೆ. ನಾವು ‘ಬಂದನು’ ಎಂಬುದನ್ನು ‘ಬಂದನಾ’ ಎಂದು ಮಾಡುವ ಹಾಗೆಯೇ. ಪ್ರಶ್ನೆಯ ಹೊರೆಯನ್ನು ‘ಮಾ’ ಹೊರಲಿ, ದನಿ ತನ್ನ ಜಾಗದಲ್ಲಿರಲಿ.

ವ್ಯಾಕರಣದಲ್ಲಿಯೂ ಇಂಗ್ಲಿಷಿಗಿಂತ ಕನ್ನಡವೇ ಹಲವು ಕಡೆ ಹತ್ತಿರದ ದಾರಿ. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂಬುದು ಚೀನೀಯಲ್ಲಿ ‘ವೋ ತ್ಸುವೊಥ್ಯೆನ್ ಮಾಯ್ ತ ಷೂ’. ‘ವೋ’ ಎಂದರೆ ನಾನು, ‘ತ್ಸುವೊಥ್ಯೆನ್’ ನಿನ್ನೆ, ‘ಮಾಯ್ ತ’ ಕೊಂಡ, ‘ಷೂ’ ಪುಸ್ತಕ. ನಾಲ್ಕೂ ಕನ್ನಡದ ಕ್ರಮದಲ್ಲೇ ಕುಳಿತಿವೆ. ಇಂಗ್ಲಿಷಿನಲ್ಲಿ ಯೋಚಿಸುವವರು ಪುಸ್ತಕವನ್ನು ಮೊದಲು ಹೇಳಿ ವಿವರಣೆಯನ್ನು ಅದರ ಹಿಂದೆ ಜೋಡಿಸಲು ಹೋಗಿ ಎಡವುತ್ತಾರೆ. ‘ಓದಿ ಮುಗಿಸು’ ಎಂಬಂತಹ ಜೋಡಿ ಕ್ರಿಯಾಪದಗಳಿಗೆ ಸಮಾನವಾದ ರಚನೆಗಳು ಚೀನೀಯಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂದು, ವಿಳಾಸವನ್ನು ಊರು, ಬೀದಿ, ಮನೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತಾರೆ. ಕ್ರಿಯಾಪದ ಕರ್ಮದ ಮುಂಚೆ ಬರುತ್ತದೆ ಎಂಬ ದೊಡ್ಡ ವ್ಯತ್ಯಾಸವೊಂದನ್ನು ನೆನಪಿಟ್ಟುಕೊಂಡು, ಪಠ್ಯಪುಸ್ತಕದ ಇಂಗ್ಲಿಷ್ ಅನುವಾದದ ಪಕ್ಕದಲ್ಲಿ ನೀವೇ ಕನ್ನಡದ ಅನುವಾದವನ್ನು ಬರೆದುಕೊಳ್ಳುತ್ತ ಹೋಗಿ. ಈ ಟಿಪ್ಪಣಿ ಪುಸ್ತಕವನ್ನು ಹೊರಡುವ ಆರು ತಿಂಗಳ ಮುಂಚೆಯೇ ಆರಂಭಿಸಿ, ಜೊತೆಗೆ ಒಯ್ಯಿರಿ.

ಯಾವ ಊರು, ಯಾವ ಲಿಪಿ

ಮೊದಲ ನಿರ್ಧಾರ ಚೀನಾ ಅಥವಾ ತೈವಾನ್ ಎಂಬುದು. ಚೀನಾದಲ್ಲಿ 1950ರ ದಶಕದಿಂದ ಸರಳೀಕರಿಸಿದ ಅಕ್ಷರಗಳು ಬಳಕೆಯಲ್ಲಿವೆ. ತೈವಾನಿನಲ್ಲಿ ಹಳೆಯ, ಗೆರೆಗಳು ಹೆಚ್ಚಿರುವ ಅಕ್ಷರಗಳೇ ಇವೆ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಸರಳ ಅಕ್ಷರಗಳನ್ನೇ ಕಲಿಸುವುದರಿಂದ, ತೈವಾನಿಗೆ ಹೋದವರಿಗೆ ಮೊದಲ ಒಂದೆರಡು ತಿಂಗಳು ಓದು ನಿಧಾನವಾಗುತ್ತದೆ. ಆದರೆ ಹಳೆಯ ಅಕ್ಷರಗಳನ್ನು ಬಲ್ಲವರು ಸರಳವಾದುದನ್ನು ಬೇಗ ಹಿಡಿಯುತ್ತಾರೆ. ಪ್ರಾಚೀನ ಬೌದ್ಧ ಗ್ರಂಥಗಳ ಕಡೆಗೋ ಇತಿಹಾಸದ ಕಡೆಗೋ ಒಲವಿರುವವರಿಗೆ ಅದು ನಿಜವಾದ ಸಂಪತ್ತು.

ಚೀನಾದಲ್ಲಿ ವಿದೇಶಿಗರಿಗೆ ಭಾಷೆ ಕಲಿಸುವುದಕ್ಕೆಂದೇ 1962ರಲ್ಲಿ ಹುಟ್ಟಿದ್ದು ಬೀಜಿಂಗ್ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ. ಅಲ್ಲಿ ಎಲ್ಲ ಹಂತಗಳ ತರಗತಿಗಳೂ ಇವೆ, ಅಧ್ಯಾಪಕರು ಅನುಭವಿಗಳು; ಆದರೆ ಆವರಣದಲ್ಲಿ ವಿದೇಶಿಗರ ಸಂಖ್ಯೆ ದೊಡ್ಡದಾಗಿರುವುದರಿಂದ ಇಂಗ್ಲಿಷಿನ ಸೆಳೆತವೂ ದೊಡ್ಡದು. ಶಾಂಘಾಯಿಯ ಫುದಾನ್ ಮತ್ತು ಪೂರ್ವ ಚೀನಾ ನಾರ್ಮಲ್ ವಿಶ್ವವಿದ್ಯಾಲಯಗಳು, ಬೀಜಿಂಗ್ ನಾರ್ಮಲ್ ವಿಶ್ವವಿದ್ಯಾಲಯ ಇವೆಲ್ಲ ಗಟ್ಟಿ ಸಂಸ್ಥೆಗಳೇ. ತೈಪೇಯಲ್ಲಿ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ (ಅಂದರೆ ಪ್ರಮಾಣ ಚೀನೀ) ತರಬೇತಿ ಕೇಂದ್ರ 1956ರಿಂದ ನಡೆಯುತ್ತಿದೆ. ಅಲ್ಲಿ ವರ್ಷಕ್ಕೆ ನಾಲ್ಕು ಅವಧಿಗಳಿರುವುದರಿಂದ ಮೂರು ತಿಂಗಳು ಮಾತ್ರ ಬಿಡುವಿರುವವರಿಗೂ ಹೊಂದುತ್ತದೆ.

ನನ್ನ ಸಲಹೆ ಕೇಳಿದರೆ, ಮೊದಲ ಬಾರಿ ಹೋಗುವವರು ಅತಿ ದೊಡ್ಡ ನಗರದ ಹೆಸರಿಗೆ ಮರುಳಾಗದೆ ಎರಡನೆಯ ಸಾಲಿನ ನಗರಗಳತ್ತಲೂ ನೋಡಬೇಕು. ಸುಮಾರು 1,900 ಮೀಟರ್ ಎತ್ತರದಲ್ಲಿರುವ ಕುನ್‌ಮಿಂಗ್‌ನ ಹವೆ ಬೆಂಗಳೂರಿನವರಿಗೆ ಒಗ್ಗುವಂಥದ್ದು, ಖರ್ಚೂ ಕಡಿಮೆ. ಹಾರ್ಬಿನ್‌ನ ಜನರ ಮಾತು ಪ್ರಮಾಣ ಭಾಷೆಗೆ ತೀರ ಹತ್ತಿರ; ಆದರೆ ಜನವರಿಯ ರಾತ್ರಿಗಳಲ್ಲಿ ಅಲ್ಲಿ ಉಷ್ಣಾಂಶ ಮೈನಸ್ 20ಕ್ಕಿಂತ ಕೆಳಗಿಳಿಯುತ್ತದೆ. ಚೆಂಗ್ದು, ಗುವಾಂಗ್‌ಝೌನಂತಹ ಊರುಗಳಲ್ಲಿ ಜನ ತಮ್ಮತಮ್ಮೊಳಗೆ ಬೇರೆ ಉಪಭಾಷೆಯನ್ನೋ ಕ್ಯಾಂಟನೀಸನ್ನೋ ಆಡುತ್ತಾರೆ ಎಂಬುದನ್ನು ತಿಳಿದಿರಬೇಕು. ನಿಮ್ಮೊಡನೆ ಅವರು ಮ್ಯಾಂಡರಿನ್ ಆಡುತ್ತಾರೆ, ಆದರೆ ಪಕ್ಕದ ಮೇಜಿನ ಮಾತಿಗೆ ಕಿವಿಗೊಟ್ಟು ಕಲಿಯುವ ಲಾಭ ಅಲ್ಲಿ ಕಡಿಮೆ. ಚಳಿಯ ವಿಷಯದಲ್ಲಿ ನಮ್ಮವರು ಊಹಿಸದ ಸಂಗತಿಯೊಂದಿದೆ: ಉತ್ತರದ ನಗರಗಳಲ್ಲಿ ಕಟ್ಟಡಗಳಿಗೆ ಸಾರ್ವಜನಿಕ ತಾಪನ ವ್ಯವಸ್ಥೆಯಿದೆ, ಬೀಜಿಂಗಿನಲ್ಲಿ ಅದು ನವೆಂಬರ್ 15ರಿಂದ ಮಾರ್ಚ್ 15ರವರೆಗೆ ನಡೆಯುತ್ತದೆ, ಶಾಂಘಾಯಿ, ನಾನ್‌ಜಿಂಗ್‌ಗಳಿರುವ ಭಾಗದಲ್ಲಿ ಅಂಥ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಕೋಣೆಯೊಳಗಿನ ಚಳಿ ದಕ್ಷಿಣದಲ್ಲೇ ಹೆಚ್ಚು ಕಾಡುತ್ತದೆ.

ಅರ್ಜಿ, ಹಣ, ವೀಸಾ

ಚೀನಾದ ವಿಶ್ವವಿದ್ಯಾಲಯಗಳಲ್ಲಿ ಮೊದಲ ಸೆಮಿಸ್ಟರ್ ಸೆಪ್ಟೆಂಬರ್ ಆರಂಭದಲ್ಲಿ, ಎರಡನೆಯದು ಫೆಬ್ರವರಿ ಕೊನೆಗೋ ಮಾರ್ಚ್‌ಗೋ ತೆರೆಯುತ್ತದೆ. ಸೆಪ್ಟೆಂಬರಿನಲ್ಲಿ ಹೊರಡಬೇಕಾದರೆ ಹಿಂದಿನ ಡಿಸೆಂಬರಿನಲ್ಲೇ ಕೆಲಸ ಶುರುವಾಗಬೇಕು, ಏಕೆಂದರೆ ವಿದ್ಯಾರ್ಥಿವೇತನದ ಅರ್ಜಿಗಳು ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ಮುಗಿದುಹೋಗುತ್ತವೆ. ಚೀನಾ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕರೆ ಬೋಧನಾ ಶುಲ್ಕ ಮತ್ತು ವಸತಿಯ ಜೊತೆಗೆ ತಿಂಗಳಿಗೆ ಪದವಿ ವಿದ್ಯಾರ್ಥಿಗಳಿಗೆ 2,500 ಯುವಾನ್, ಒಂದು ವರ್ಷದ ಭಾಷಾ ಕಲಿಕೆಗೆ ಹೋಗುವ ಸಾಮಾನ್ಯ ವಿದ್ವಾಂಸ ವರ್ಗದವರಿಗೆ 3,000 ಯುವಾನ್ ದೊರೆಯುತ್ತದೆ. ಭಾಷಾ ಶಿಕ್ಷಕರಾಗಬಯಸುವವರಿಗೆ ಬೇರೆಯದೇ ಅಂತರರಾಷ್ಟ್ರೀಯ ವಿದ್ಯಾರ್ಥಿವೇತನವಿದೆ, ಅದಕ್ಕೆ ಎಚ್‌ಎಸ್‌ಕೆ ಅಂಕಗಳು ಬೇಕೇ ಬೇಕು. ತೈವಾನಿನ ಶಿಕ್ಷಣ ಸಚಿವಾಲಯದ ಹುವಾಯು ವಿದ್ಯಾರ್ಥಿವೇತನ ಭಾಷಾ ಕಲಿಕೆಗಾಗಿಯೇ ಇರುವಂಥದ್ದು. ಅದರಲ್ಲಿ ತಿಂಗಳ ಹಣ ಬರುತ್ತದೆ, ಬೋಧನಾ ಶುಲ್ಕವನ್ನು ಅದರಿಂದಲೇ ಕಟ್ಟಿಕೊಳ್ಳಬೇಕು.

ಸ್ವಂತ ಖರ್ಚಿನಲ್ಲಿ ಹೋಗುವವರಿಗೆ ಚೀನಾದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಭಾಷಾ ತರಗತಿಯ ಒಂದು ಸೆಮಿಸ್ಟರ್ ಶುಲ್ಕ ಬಹುತೇಕ 8,000ದಿಂದ 13,000 ಯುವಾನ್‌ವರೆಗೆ ಇರುತ್ತದೆ. ಅರ್ಜಿ ಶುಲ್ಕವನ್ನು ಹಿಂದಿರುಗಿಸುವುದಿಲ್ಲ, ಆದ್ದರಿಂದ ಹತ್ತು ಕಡೆ ಅರ್ಜಿ ಹಾಕದೆ ಮೂರು ಕಡೆ ಮನಸ್ಸಿಟ್ಟು ಹಾಕಿ. ಮಧ್ಯವರ್ತಿಗಳ ಅಗತ್ಯ ಭಾಷಾ ಕಲಿಕೆಗೆ ಇಲ್ಲವೇ ಇಲ್ಲ. ಎಲ್ಲ ವಿಶ್ವವಿದ್ಯಾಲಯಗಳೂ ನೇರವಾಗಿ ಅರ್ಜಿ ತೆಗೆದುಕೊಳ್ಳುತ್ತವೆ. ಈಗಾಗಲೇ ಇಲ್ಲಿ ಪದವಿ ಓದುತ್ತಿರುವವರು ವಿಭಾಗದ ಮುಖ್ಯಸ್ಥರಿಂದ ಒಂದು ವರ್ಷದ ಅನುಮತಿಯನ್ನೂ ಹಿಂದಿರುಗಿ ಬಂದಾಗ ಯಾವ ಸೆಮಿಸ್ಟರಿಗೆ ಸೇರಿಸಿಕೊಳ್ಳುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆದಿರಬೇಕು. ಬಾಯಿಮಾತಿನ ಒಪ್ಪಿಗೆ ಸಾಲದು, ವರ್ಷ ಕಳೆಯುವಷ್ಟರಲ್ಲಿ ಮುಖ್ಯಸ್ಥರೇ ಬದಲಾಗಿರಬಹುದು.

ಹೆಸರಿನ ವಿಷಯ ಚಿಕ್ಕದೆಂದು ಕಂಡರೂ ನಮ್ಮ ಕಡೆಯವರಿಗೆ ಅದು ದೊಡ್ಡ ತೊಡಕು. ಅಪ್ಪನ ಹೆಸರು, ಊರ ಹೆಸರುಗಳನ್ನು ಇನಿಷಿಯಲ್ಲುಗಳಾಗಿ ಬರೆಯುವ ರೂಢಿಯಿರುವುದರಿಂದ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರಿರುವುದು ಸಾಮಾನ್ಯ. ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಅರ್ಜಿ, ಪ್ರವೇಶಪತ್ರ, ವೀಸಾ ನಮೂನೆ, ವಿಮಾನದ ಟಿಕೆಟ್, ಮುಂದೆ ಅಲ್ಲಿನ ಬ್ಯಾಂಕ್ ಖಾತೆ, ರೈಲ್ವೆ ಆ್ಯಪ್ ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರು ಅದೇ ಕ್ರಮದಲ್ಲಿ, ಅದೇ ಕಾಗುಣಿತದಲ್ಲಿ ಇರಬೇಕು. ಪಾಸ್‌ಪೋರ್ಟನ್ನೇ ತಿದ್ದಿಸುವುದಿದ್ದರೆ ಅರ್ಜಿ ಹಾಕುವ ಮುಂಚೆ ತಿದ್ದಿಸಿ. ಪ್ರವೇಶಪತ್ರ ಬಂದ ಮೇಲೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಕಾಗದಪತ್ರಗಳೆಲ್ಲ ಮತ್ತೆ ಮೊದಲಿನಿಂದ ಆಗಬೇಕಾಗುತ್ತದೆ.

ವೀಸಾದಲ್ಲಿ ಎರಡು ಬಗೆ. 180 ದಿನಗಳವರೆಗಿನ ಕಲಿಕೆಗೆ ಎಕ್ಸ್ 2, ಅದಕ್ಕಿಂತ ಹೆಚ್ಚಿನದಕ್ಕೆ ಎಕ್ಸ್ 1. ಪ್ರವೇಶಪತ್ರದ ಜೊತೆಗೆ ವಿಶ್ವವಿದ್ಯಾಲಯ ಕಳುಹಿಸುವ ಜೆಡಬ್ಲ್ಯು ನಮೂನೆ ಎಕ್ಸ್ 1 ವೀಸಾಕ್ಕೆ ಅಗತ್ಯ. ಚೀನಾ ಸರ್ಕಾರದ ವಿದ್ಯಾರ್ಥಿವೇತನ ಪಡೆದವರಿಗೆ ಅದರ ಸಂಖ್ಯೆ 201, ಉಳಿದವರಿಗೆ 202. ಕರ್ನಾಟಕ ಚೀನಾದ ಮುಂಬೈ ದೂತಾವಾಸದ ವ್ಯಾಪ್ತಿಗೆ ಸೇರುತ್ತದೆ. ತೈವಾನಿಗೆ ಹೋಗುವವರು ಚೆನ್ನೈನಲ್ಲಿರುವ ತೈಪೇ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರವನ್ನು ಸಂಪರ್ಕಿಸಬೇಕು. ಆರು ತಿಂಗಳಿಗಿಂತ ಹೆಚ್ಚು ಇರುವವರು ಚೀನಾದ ನಿಗದಿತ ನಮೂನೆಯಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಅದರ ಮೇಲಿನ ಭಾವಚಿತ್ರದ ಅಂಚಿಗೆ ಆಸ್ಪತ್ರೆಯ ಮೊಹರು ಬೀಳದಿದ್ದರೆ ಅದು ಅಸಿಂಧು, ಮತ್ತು ಅದು ಆರು ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ. ರಕ್ತಪರೀಕ್ಷೆ, ಇಸಿಜಿ, ಎಕ್ಸ್‌ರೇಗಳ ಮೂಲ ವರದಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಲ್ಲಿನ ಆರೋಗ್ಯ ಕೇಂದ್ರ ಅವನ್ನು ಒಪ್ಪದಿದ್ದರೆ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕಾಗುತ್ತದೆ. 2020ರಿಂದ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಕೋಲ್ಕತ್ತ–ಗುವಾಂಗ್‌ಝೌ ಹಾರಾಟದೊಂದಿಗೆ ಮತ್ತೆ ಶುರುವಾಗಿವೆ.

ಫೋನಿನ ಗಂಟು

ಇದಕ್ಕೆ ಬೇರೆ ಶೀರ್ಷಿಕೆ ಕೊಡಲು ಕಾರಣವಿದೆ. ಚೀನಾದಲ್ಲಿ ಗೂಗಲ್, ಜಿಮೇಲ್, ವಾಟ್ಸಾಪ್, ಯೂಟ್ಯೂಬ್ ಯಾವುದೂ ತೆರೆಯುವುದಿಲ್ಲ. ಅಲ್ಲಿನ ಬದುಕೆಲ್ಲ ನಡೆಯುವುದು ಸಂದೇಶಕ್ಕೂ ಹಣ ಪಾವತಿಗೂ ಬಳಸುವ ವಿಚಾಟ್ ಎಂಬ ಆ್ಯಪ್‌ನಲ್ಲಿ. ಆ ವಿಚಾಟ್ ಭಾರತದಲ್ಲಿ 2020ರ ಜೂನ್‌ನಿಂದ ನಿಷೇಧಿತ. ಹೀಗಾಗಿ ಮನೆಯವರು ಬಳಸುವುದು ನಿಮಗೆ ಸಿಗದು, ನೀವು ಬಳಸುವುದು ಅವರಿಗೆ ಸಿಗದು. ಅಮೆರಿಕದಿಂದ ಹೋದ ಸಹಪಾಠಿಗೆ ಈ ತೊಡಕಿನ ಅರ್ಧ ಮಾತ್ರ ಇರುತ್ತದೆ, ಆದ್ದರಿಂದ ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳು ನಮಗೆ ಪೂರ್ತಿ ಹೊಂದುವುದಿಲ್ಲ.

ಇದನ್ನು ಬಿಡಿಸುವ ಕ್ರಮ ಹೀಗೆ. ನಿಮ್ಮ ಭಾರತದ ಸಿಮ್ಮನ್ನು ಅಂತರರಾಷ್ಟ್ರೀಯ ರೋಮಿಂಗ್‌ಗೆ ತೆರೆದಿಟ್ಟು ಒಯ್ಯಿರಿ. ರೋಮಿಂಗ್‌ನ ಡೇಟಾ ಭಾರತದ ಜಾಲದ ಮೂಲಕವೇ ಹರಿಯುವುದರಿಂದ ಮೊದಲ ಕೆಲವು ದಿನ ವಾಟ್ಸಾಪಿನಲ್ಲಿ ಮನೆಯವರೊಡನೆ ಮಾತಾಡಬಹುದು, ಮತ್ತು ನಿಮ್ಮ ಬ್ಯಾಂಕಿನ ಒಟಿಪಿ ಆ ಸಂಖ್ಯೆಗೆ ಬರುತ್ತಲೇ ಇರುತ್ತದೆ. ಡೇಟಾ ದುಬಾರಿಯಾದ್ದರಿಂದ ಮುಂದೆ ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಮಾತಾಡುವ ಏರ್ಪಾಡು ಮಾಡಿಕೊಳ್ಳಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ, ಮತ್ತು ಇಡೀ ಚೀನಾಕ್ಕೆ ಒಂದೇ ಸಮಯ. ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಜಿಮೇಲ್ ಕೊಟ್ಟಿದ್ದರೆ ಅಲ್ಲಿ ತೆರೆಯಬಲ್ಲ ಇನ್ನೊಂದು ಮೇಲ್ ವಿಳಾಸವನ್ನೂ ಕೊಡಿ. ಗೂಗಲ್ ಡ್ರೈವ್‌ನಲ್ಲಿರುವ ಕಾಗದಪತ್ರಗಳನ್ನು ಫೋನಿಗೂ ಪೆನ್ ಡ್ರೈವಿಗೂ ಇಳಿಸಿಕೊಳ್ಳಿ, ಎರಡೆರಡು ಪ್ರತಿ ಮುದ್ರಿಸಿಯೂ ಇಡಿ. ಪ್ಲೆಕೊ ನಿಘಂಟನ್ನು ಮೊದಲೇ ಹಾಕಿಕೊಂಡರೆ ಅದು ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ.

ಅಲ್ಲಿ ಇಳಿದ ಮೇಲೆ ಮೊದಲ ಕೆಲಸ ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಪಡೆಯುವುದು. ವಿಚಾಟ್, ಹಣ ಪಾವತಿಯ ಆ್ಯಪ್ ಆದ ಅಲಿಪೇ, ಬ್ಯಾಂಕ್ ಎಲ್ಲವೂ ಆ ಸಂಖ್ಯೆಗೆ ಕಟ್ಟಿಕೊಳ್ಳುತ್ತವೆ. ವಿಚಾಟ್ ಖಾತೆ ತೆರೆಯಲು ಈಗಾಗಲೇ ಅದನ್ನು ಬಳಸುತ್ತಿರುವ ಒಬ್ಬರು ಕ್ಯುಆರ್ ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಡಬೇಕಾಗಬಹುದು, ಸ್ವಾಗತಕ್ಕೆ ಬಂದ ಹಿರಿಯ ವಿದ್ಯಾರ್ಥಿಯನ್ನು ಕೇಳಿ. ನಿಮ್ಮ ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬಗೆಯ ಕಾರ್ಡನ್ನು ಅಲಿಪೇಗೆ ಜೋಡಿಸಿಕೊಳ್ಳಬಹುದು. ಆದರೂ ಮೊದಲ ವಾರಕ್ಕೆ ಸಾಕಾಗುವಷ್ಟು ಯುವಾನ್ ನೋಟುಗಳು ಕೈಯಲ್ಲಿರಲಿ. ತೈವಾನಿನಲ್ಲಿ ಈ ಗಂಟು ಯಾವುದೂ ಇಲ್ಲ, ಗೂಗಲ್, ವಾಟ್ಸಾಪ್ ಎಲ್ಲ ನಡೆಯುತ್ತವೆ.

ಮೊದಲ ತಿಂಗಳು

ಚೀನಾ ತಲುಪಿದ 24 ಗಂಟೆಗಳೊಳಗೆ ಪೊಲೀಸರಲ್ಲಿ ವಾಸಸ್ಥಳದ ನೋಂದಣಿ ಆಗಬೇಕು. ಹಾಸ್ಟೆಲ್ ಅಥವಾ ಹೋಟೆಲಿನಲ್ಲಿ ಇಳಿದರೆ ಅವರೇ ಮಾಡುತ್ತಾರೆ, ಗೆಳೆಯರ ಮನೆಯಲ್ಲಿ ಇಳಿದರೆ ನೀವೇ ಠಾಣೆಗೆ ಹೋಗಬೇಕು. ಎಕ್ಸ್ 1 ವೀಸಾದವರು 30 ದಿನಗಳೊಳಗೆ ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು; ಆಗ ಪಾಸ್‌ಪೋರ್ಟನ್ನು ಕಚೇರಿಯಲ್ಲಿ ಇಟ್ಟುಕೊಂಡು ರಸೀದಿ ಕೊಡುತ್ತಾರೆ, ಮರಳಿ ಬರಲು ಎರಡು ವಾರಗಳಾದರೂ ಹಿಡಿಯಬಹುದು. ಅಕ್ಟೋಬರ್ 1ರಿಂದ ಒಂದು ವಾರ ರಾಷ್ಟ್ರೀಯ ದಿನಾಚರಣೆಯ ರಜೆ ಬರುತ್ತದೆ. ಆ ರಜೆಯಲ್ಲಿ ಊರು ನೋಡಲು ಹೋಗುವ ಆಸೆಯಿದ್ದರೆ ಸೆಪ್ಟೆಂಬರಿನ ಮೊದಲ ವಾರದಲ್ಲೇ ಅರ್ಜಿ ಕೊಟ್ಟುಬಿಡಿ, ಏಕೆಂದರೆ ರೈಲಿನ ಟಿಕೆಟ್ ಪಾಸ್‌ಪೋರ್ಟ್ ಸಂಖ್ಯೆಯ ಮೇಲೇ ಇರುತ್ತದೆ. ತೈವಾನಿನಲ್ಲಿ ಸಂದರ್ಶಕ ವೀಸಾದಲ್ಲಿ ಹೋಗಿ, ನಾಲ್ಕು ತಿಂಗಳು ಕಲಿತ ಮೇಲೆ ನಿವಾಸ ವೀಸಾಕ್ಕೆ ಅರ್ಜಿ ಹಾಕುವ ಕ್ರಮವಿದೆ. ಎರಡೂ ಕಡೆ ಹಾಜರಾತಿ ಕಡಿಮೆಯಾದರೆ ವಾಸದ ಅನುಮತಿಗೇ ಕುತ್ತು ಬರುತ್ತದೆ. ಅನುಮತಿಯಿಲ್ಲದೆ ಯಾವ ಸಂಬಳದ ಕೆಲಸವನ್ನೂ, ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವುದನ್ನೂ, ಒಪ್ಪಿಕೊಳ್ಳಬೇಡಿ.

ತರಗತಿಯೂ ಮಧ್ಯಾಹ್ನವೂ

ತರಗತಿಗೆ ಸೇರುವ ಮುನ್ನ ಮಟ್ಟ ಅಳೆಯುವ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಹೆಚ್ಚಿನ ಮಟ್ಟ ಸಿಗಲೆಂದು ಕಸರತ್ತು ಮಾಡುವುದು ನಿಮ್ಮ ಕಾಲಿಗೆ ನೀವೇ ಕಲ್ಲು ಹಾಕಿಕೊಂಡಂತೆ. ಮೊದಲ ವಾರ ಕುಳಿತು ನೋಡಿ. ಅಧ್ಯಾಪಕರ ಮಾತಿನಲ್ಲಿ ಬಹುಪಾಲು ಅರ್ಥವಾಗಿ, ಪಾಠದ ಹೊಸ ಪದಗಳು ಮಾತ್ರ ಗೊತ್ತಿಲ್ಲದಿದ್ದರೆ ಅದು ನಿಮ್ಮ ತರಗತಿ. ಹಾಗಲ್ಲದಿದ್ದರೆ ಬದಲಿಸಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರದ ಅವಕಾಶ ಇರುತ್ತದೆ.

ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ, ವಾರಕ್ಕೆ ಸುಮಾರು 20 ಗಂಟೆ ಪಾಠಗಳಿರುತ್ತವೆ: ಸಮಗ್ರ ಪಾಠ, ಮಾತು, ಆಲಿಸುವಿಕೆ, ಓದು, ಬರವಣಿಗೆ. ಹಿಂದಿನ ದಿನದ ಪದಗಳನ್ನು ಉಕ್ತಲೇಖನ ಬರೆಸುವುದರಿಂದಲೇ ಎಷ್ಟೋ ತರಗತಿಗಳು ಆರಂಭವಾಗುತ್ತವೆ. ಅಕ್ಷರಗಳನ್ನು ಕೈಯಿಂದ ಬರೆಯುವ ಅಭ್ಯಾಸವನ್ನು ಇದಕ್ಕಾಗಿಯಾದರೂ ಬಿಡಬಾರದು. ಮುಖ್ಯವಾದ ಇನ್ನೊಂದು ನಿಯಮ, ಪಾಠವನ್ನು ಮುಂಚಿತವಾಗಿ ಓದಿಕೊಂಡು ಹೋಗುವುದು. ಕೊರಿಯಾ, ಜಪಾನ್‌ಗಳಿಂದ ಬಂದ ಸಹಪಾಠಿಗಳಿಗೆ ಚೀನೀ ಅಕ್ಷರಗಳ ಪರಿಚಯ ಅಷ್ಟಿಷ್ಟು ಮೊದಲೇ ಇರುತ್ತದೆ, ಆದ್ದರಿಂದ ಓದಿನಲ್ಲಿ ಅವರು ಮುಂದಿರುತ್ತಾರೆ. ಮಾತಿನಲ್ಲಿ ನೀವು ಮುಂದಿರಬಹುದು. ನಾಲ್ಕಾರು ಭಾಷೆಗಳ ನಡುವೆ ಬೆಳೆದ ನಮ್ಮವರಿಗೆ ತಪ್ಪು ಮಾತಾಡಲು ಇರುವ ನಾಚಿಕೆ ಕಡಿಮೆ.

ಹನ್ನೆರಡು ಗಂಟೆಯ ನಂತರದ್ದೇ ನಿಜವಾದ ವಿಶ್ವವಿದ್ಯಾಲಯ. ವಿದೇಶಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಹಾಸ್ಟೆಲ್ ಕಟ್ಟಡವಿರುವುದು ಚೀನಾದಲ್ಲಿ ರೂಢಿ, ಅಲ್ಲಿ ಮೊದಲ ವಾರದಲ್ಲೇ ಭಾರತೀಯರ ಗುಂಪೊಂದು ನಿಮ್ಮನ್ನು ಸೇರಿಸಿಕೊಳ್ಳುತ್ತದೆ. ಹಬ್ಬಕ್ಕೆ, ಕಾಯಿಲೆಗೆ ಅವರು ಬೇಕು. ಪ್ರತಿದಿನದ ಊಟಕ್ಕೆ ಅವರೊಡನೆ ಕುಳಿತರೆ ಚೀನೀ ಭಾಷೆ ಕೈತಪ್ಪಿತೆಂದೇ ತಿಳಿಯಿರಿ. ಚೀನೀ ವಿದ್ಯಾರ್ಥಿಯೊಬ್ಬರನ್ನು ‘ಯುಬಾನ್’, ಅಂದರೆ ಭಾಷೆಯ ಜೊತೆಗಾರರಾಗಿ, ಹುಡುಕಿಕೊಳ್ಳಿ: ಒಂದು ಗಂಟೆ ಅವರಿಗೆ ಇಂಗ್ಲಿಷ್ ಅಥವಾ ಹಿಂದಿ, ಒಂದು ಗಂಟೆ ನಿಮಗೆ ಚೀನೀ, ಗಡಿಯಾರ ನೋಡಿಯೇ ಬದಲಿಸಬೇಕು. ಬೀಜಿಂಗ್ ವಿಶ್ವವಿದ್ಯಾಲಯದಲ್ಲಿ ಹಿಂದಿ ಕಲಿಯುವ ವಿದ್ಯಾರ್ಥಿಗಳಿದ್ದಾರೆ, ಅವರಿಗೂ ಮಾತಾಡಲು ಜನ ಬೇಕಾಗಿರುತ್ತಾರೆ. ಸೆಪ್ಟೆಂಬರಿನಲ್ಲಿ ಆವರಣದ ದಾರಿಯುದ್ದಕ್ಕೂ ಮೇಜುಗಳನ್ನಿಟ್ಟು ವಿದ್ಯಾರ್ಥಿ ಸಂಘಗಳು ಸದಸ್ಯರನ್ನು ಸೇರಿಸಿಕೊಳ್ಳುತ್ತವೆ. ಟೇಬಲ್ ಟೆನಿಸ್, ಲಿಪಿಗಾರಿಕೆ, ಚಾರಣ ಯಾವುದಾದರೂ ಸರಿ, ವಿದೇಶಿಗರಿಗೆಂದೇ ಮಾಡಿದ ಸಂಘವಲ್ಲದ ಒಂದಕ್ಕೆ ಸೇರಿ. ಅಲ್ಲಿ ನಿಮಗಾಗಿ ಯಾರೂ ನಿಧಾನವಾಗಿ ಮಾತಾಡುವುದಿಲ್ಲ. ಮೊದಲ ತಿಂಗಳು ಕಷ್ಟವೆನಿಸುತ್ತದೆ, ಎರಡನೆಯ ತಿಂಗಳಲ್ಲಿ ಕಿವಿ ತೆರೆಯುತ್ತದೆ.

ಊಟವೂ ಪಾಠವೇ, ವಿಶೇಷವಾಗಿ ಸಸ್ಯಾಹಾರಿಗಳಿಗೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ತುಂಡುಗಳನ್ನು ಬಿಟ್ಟು ಕೊಚ್ಚಿದ ಮಾಂಸವನ್ನೋ ಮಾಂಸದ ಸಾರನ್ನೋ ಹಾಕಿ ತಂದಿಡುವುದುಂಟು, ಏಕೆಂದರೆ ಅಡುಗೆಯವರ ಲೆಕ್ಕದಲ್ಲಿ ಅದು ಮಾಂಸದ ಅಡುಗೆಯೇ ಅಲ್ಲ. ‘ವೋ ಛ್ ಸು’, ನಾನು ಸಸ್ಯಾಹಾರಿ, ಎಂದು ಮೊದಲು ಹೇಳಿ, ಆಮೇಲೆ ಹಂದಿಯ ಕೊಬ್ಬು, ಮಾಂಸದ ಸಾರು, ಮೀನಿನ ಸಾಸ್ ಒಂದೊಂದನ್ನೂ ಹೆಸರಿಸಿ ಬೇಡವೆನ್ನಬೇಕು. ಆಲೂಗೆಡ್ಡೆ, ಬದನೆ, ದೊಣ್ಣೆಮೆಣಸಿನಕಾಯಿಗಳನ್ನು ಕರಿದು ಬಾಡಿಸಿದ ‘ತಿ ಸಾನ್ ಶ್ಯೆನ್’ ಮತ್ತು ಆಲೂಗೆಡ್ಡೆಯನ್ನು ಎಳೆಎಳೆಯಾಗಿ ಹೆಚ್ಚಿ ವಿನೆಗರ್, ಒಣಮೆಣಸಿನಕಾಯಿ ಹಾಕಿ ಹುರಿಯುವ ‘ಸ್ವಾನ್ ಲಾ ಥು ತೌ ಸ್’ ಬಹುತೇಕ ಎಲ್ಲ ಕ್ಯಾಂಟೀನುಗಳಲ್ಲೂ ಸಿಗುತ್ತವೆ. ಅನ್ನದ ಜೊತೆ ನಮ್ಮ ನಾಲಗೆಗೆ ಹಿಡಿಸುತ್ತವೆ. ತೈವಾನಿನಲ್ಲಿ ಸಸ್ಯಾಹಾರದ ಹೋಟೆಲುಗಳು ಬೀದಿಬೀದಿಯಲ್ಲಿವೆ, ಮೊಟ್ಟೆಯದು, ಹಾಲಿನದು, ಈರುಳ್ಳಿ–ಬೆಳ್ಳುಳ್ಳಿಯೂ ಇಲ್ಲದ್ದು ಎಂದು ಪೊಟ್ಟಣಗಳ ಮೇಲೆ ಬೇರೆಬೇರೆಯಾಗಿ ಬರೆದಿರುತ್ತಾರೆ.

ಹಿಂದಿರುಗುವ ಮುನ್ನ

ಹೊರಡುವ ಎರಡು ತಿಂಗಳು ಮುಂಚೆ ಎಚ್‌ಎಸ್‌ಕೆ, ತೈವಾನಿನಲ್ಲಿದ್ದರೆ ಟಿಒಸಿಎಫ್‌ಎಲ್ ಪರೀಕ್ಷೆಗೆ ಹೆಸರು ಕೊಡಿ. ಭಾಷೆ ಕಿವಿಯಲ್ಲಿ ಹಸಿಯಾಗಿರುವಾಗ ಬರೆದ ಪರೀಕ್ಷೆಯ ಅಂಕಗಳು ಊರಿಗೆ ಮರಳಿ ವರ್ಷದ ಮೇಲೆ ಬರೆದುದಕ್ಕಿಂತ ಚೆನ್ನಾಗಿರುತ್ತವೆ. ಮುಕ್ತಾಯದ ಪ್ರಮಾಣಪತ್ರವನ್ನೂ ಅಂಕಪಟ್ಟಿಯನ್ನೂ ಮೊಹರು ಸಹಿತ ಎರಡೆರಡು ಮೂಲ ಪ್ರತಿಗಳಲ್ಲಿ ಕೇಳಿ ಪಡೆಯಿರಿ, ಅದರಲ್ಲಿ ಬೋಧನೆಯ ಒಟ್ಟು ಗಂಟೆಗಳು ನಮೂದಾಗಿರಲಿ. ಇಲ್ಲಿನ ವಿಶ್ವವಿದ್ಯಾಲಯ ಮೊದಲು ಕೇಳುವುದು ಅದನ್ನೇ. ಹಾಸ್ಟೆಲಿನ ಠೇವಣಿ ಹಿಂಪಡೆದು ಬ್ಯಾಂಕ್ ಖಾತೆ ಮುಚ್ಚಿ. ಆರು ತಿಂಗಳಿಗಿಂತ ಹೆಚ್ಚು ಇದ್ದವರು ‘ಅಪರಾಧ ದಾಖಲೆಯಿಲ್ಲ’ ಎಂಬ ಪ್ರಮಾಣಪತ್ರವನ್ನು ಅಲ್ಲಿರುವಾಗಲೇ ಮಾಡಿಸಿಕೊಳ್ಳಬೇಕು. ಮುಂದೆ ಇನ್ನೊಂದು ದೇಶದ ವೀಸಾಕ್ಕೋ ಕೆಲಸಕ್ಕೋ ಅದನ್ನು ಕೇಳಿದಾಗ ಊರಿನಲ್ಲಿ ಕುಳಿತು ತರಿಸಿಕೊಳ್ಳುವುದು ಬಹಳ ಕಷ್ಟ.